ಹೆಸರಿಲ್ಲದ ಕಲ್ಲಿನ ವಿಳಾಸ

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವವರು ವೀರಗಲ್ಲುಗಳನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಕೆರೆಯೇರಿಯ ಮೇಲೆ, ಗದ್ದೆಯಂಚಿನ ದರೆಯಲ್ಲಿ, ಅಡಿಕೆ ತೋಟದ ಬೇಲಿಗೆ ಒರಗಿಕೊಂಡು, ಚೌಡಿಬನದ ತಂಪಿನಲ್ಲಿ, ದೇವಸ್ಥಾನದ ಪೌಳಿಯ ಹೊರಗೆ ಅವು ಸಿಗುತ್ತಲೇ ಹೋಗುತ್ತವೆ. ಕೆಲವು ಎದೆಮಟ್ಟ ಹೂತುಹೋಗಿವೆ, ಕೆಲವು ಅಂಗಾತ ಮಲಗಿವೆ. ಹತ್ತಿರ ಹೋಗಿ ಪಾಚಿ ಸರಿಸಿದರೆ ಬಹುಮಟ್ಟಿಗೆ ಒಂದೇ ಕಥೆ. ಕೆಳಗಿನ ಅಂಕಣದಲ್ಲಿ ಕಾದಾಟ: ತುರುಬು ಕಟ್ಟಿದ ಆಳೊಬ್ಬ ಬಿಲ್ಲು ಸೆಳೆದು ನಿಂತಿದ್ದಾನೆ, ಎದುರಿಗೆ ಕುದುರೆ, ಕಾಲ ಕೆಳಗೆ ಒಂದೆರಡು ಹೆಣ, ಮೂಲೆಯಲ್ಲಿ ಒಂದರ ಬೆನ್ನಿಗೊಂದು ಮುಖವಿಟ್ಟ ದನಗಳು. ನಡುವಿನ ಅಂಕಣದಲ್ಲಿ ಅಪ್ಸರೆಯರು ಅವನ ಎರಡೂ ಕಂಕುಳಿಗೆ ಕೈಕೊಟ್ಟು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಒಂದು ಕಡೆ ನಂದಿ, ಇನ್ನೊಂದು ಕಡೆ ಗಂಟೆ ಹಿಡಿದ ಪೂಜಾರಿ. ತುದಿಯಲ್ಲಿ ಸೂರ್ಯ, ಚಂದ್ರ. ಓದುವುದು ಕೆಳಗಿನಿಂದ ಮೇಲಕ್ಕೆ. ಅಂಕಣಗಳ ನಡುವಿನ ಪಟ್ಟಿ ಶಾಸನ ಬರೆಯುವ ಜಾಗ. ಆದರೆ ಅಕ್ಷರವಿರುವ ಪಟ್ಟಿಗಿಂತ ಖಾಲಿ ಪಟ್ಟಿಗಳೇ ಹೆಚ್ಚು. ಸತ್ತವನು ಯಾರು, ಯಾವಾಗ ಸತ್ತ, ಆಗ ಯಾವ ಅರಸನ ಆಳ್ವಿಕೆ, ಯಾವುದಕ್ಕೂ ಕಲ್ಲು ಬಾಯಿ ಬಿಡುವುದಿಲ್ಲ.

ಇನ್ನೊಂದು ಸ್ಮಾರಕ ಪರಂಪರೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಖಾಲಿ ಪಟ್ಟಿಯ ವಿಚಿತ್ರ ಎದ್ದು ಕಾಣುತ್ತದೆ. ಪ್ರಾಚೀನ ಈಜಿಪ್ಟಿನ ಸುಣ್ಣಕಲ್ಲಿನ ಸಮಾಧಿ ಫಲಕಗಳು ಇವತ್ತು ಕೈರೊ, ಲಂಡನ್, ಪ್ಯಾರಿಸ್, ಲೈಡನ್, ಟ್ಯೂರಿನ್ ನಗರಗಳ ವಸ್ತುಸಂಗ್ರಹಾಲಯಗಳಲ್ಲಿವೆ. ಸಾಮಾನ್ಯವಾಗಿ ತಲೆ ದುಂಡಗೆ, ಅಲ್ಲಿ ಜೋಡಿ ಕಣ್ಣು ಅಥವಾ ರೆಕ್ಕೆ ಮೂಡಿದ ಸೂರ್ಯಬಿಂಬ. ಕೆಳಗೆ ಸತ್ತವನು ಪೀಠದ ಮೇಲೆ ಕೂತಿದ್ದಾನೆ. ಮುಂದಿನ ಮೇಜಿನ ಮೇಲೆ ರೊಟ್ಟಿ, ಬಾತುಕೋಳಿ, ಎತ್ತಿನ ತೊಡೆ, ಈರುಳ್ಳಿ ಪೇರಿಸಿಟ್ಟಿದೆ. ಹೆಂಡತಿ, ಮಕ್ಕಳು, ತಾಯಿ, ಕೆಲವೊಮ್ಮೆ ಮನೆಯ ಆಳುಕಾಳುಗಳು, ಒಬ್ಬೊಬ್ಬರ ಪಕ್ಕದಲ್ಲೂ ಅವರವರ ಹೆಸರು. ಬರಹದ ಸಾರ ಹೆಚ್ಚುಕಡಿಮೆ ಒಂದೇ: ಅರಸನು ಒಸಿರಿಸ್ ದೇವನಿಗೆ ಒಪ್ಪಿಸುವ ಎಡೆಯಲ್ಲಿ ಇಂಥವನಿಗೂ ಪಾಲು ಸಿಗಲಿ, ಸಾವಿರ ರೊಟ್ಟಿ, ಸಾವಿರ ಗಡಿಗೆ ಬಿಯರ್, ಸಾವಿರ ಎತ್ತು, ಸಾವಿರ ಹಕ್ಕಿ. ಕೆಲವು ಫಲಕಗಳು ದಾರಿಹೋಕನನ್ನೇ ಕರೆದು ನಿಲ್ಲಿಸುತ್ತವೆ: ನಿನ್ನ ಕೈಯಲ್ಲಿ ಏನೂ ಇಲ್ಲದಿದ್ದರೂ ಚಿಂತೆಯಿಲ್ಲ, ಬಾಯಲ್ಲಿ ಹೇಳಿಬಿಡು, ಅಷ್ಟೇ ನನಗೆ ಊಟ ಎನ್ನುತ್ತವೆ. ಈ ಏರ್ಪಾಡು ನಿಂತಿರುವುದು ಹೆಸರಿನ ಮೇಲೆ. ಹಾಗಾಗಿಯೇ ಅಲ್ಲಿ ದ್ವೇಷ ಸಾಧಿಸುವವರು ಕಲ್ಲಿನಿಂದ ಹೆಸರನ್ನು ಕೆತ್ತಿ ತೆಗೆಯುತ್ತಿದ್ದರು. ಹಟ್‌ಶೆಪ್ಸುತ್ ರಾಣಿಯ ಹೆಸರಿಗೂ ಅಖೆನಾತೆನ್ ದೊರೆಯ ಹೆಸರಿಗೂ ಹೀಗೆ ಉಳಿ ಬಿದ್ದಿದೆ.

ಈ ಅಳತೆಯಲ್ಲಿ ನಮ್ಮ ಮಲೆನಾಡಿನ ಕಲ್ಲಾಳುಗಳು ಸತ್ತದ್ದಷ್ಟೇ ಅಲ್ಲ, ಸತ್ತ ಸುದ್ದಿಯೂ ಸತ್ತಿದೆ. ನನ್ನ ವಾದ ಬೇರೆ. ಬರಹವಿಲ್ಲದ ಕಲ್ಲಿಗೆ ಅದು ನಿಂತ ಜಾಗವೇ ಬರಹ. ಯಾವ ಕೆರೆಯ ಏರಿ, ಯಾವ ಊರಿನ ಗಡಿ, ಯಾವ ಘಟ್ಟದ ದಾರಿ, ಮುಖ ಯಾವ ದಿಕ್ಕಿಗೆ, ಪಕ್ಕದಲ್ಲಿ ಇನ್ಯಾವ ಕಲ್ಲು ಎಂಬುವೆಲ್ಲ ಸೇರಿ ಆಗುವ ವಾಕ್ಯವನ್ನು ಕಲ್ಲು ಮೈಮೇಲೆ ಹೊತ್ತಿಲ್ಲ, ಕಾಲ ಕೆಳಗೆ ಇಟ್ಟುಕೊಂಡಿದೆ. ಆದ್ದರಿಂದ ಅಕ್ಷರವಿರುವ ಶಾಸನವನ್ನು ಎಲ್ಲಿಗೆ ಒಯ್ದರೂ ಅದರ ಮಾತು ಬಹುಪಾಲು ಜತೆಗೇ ಹೋಗುತ್ತದೆ. ಅಕ್ಷರವಿಲ್ಲದ ವೀರಗಲ್ಲನ್ನು ಹತ್ತು ಮಾರು ಆಚೆ ನೆಟ್ಟರೂ ಅದರ ಪಟ್ಟಿಯನ್ನು ಉಳಿಯಿಂದ ಒರೆಸಿದಂತೆಯೇ. ಇದು ಭಾವುಕತೆಯ ಮಾತಲ್ಲ. ದಾರಿಯುದ್ದಕ್ಕೂ ಇದಕ್ಕೆ ಪುರಾವೆಗಳಿವೆ, ಎದುರು ಪುರಾವೆಗಳೂ ಇವೆ.

ಮೊದಲ ಎದುರು ಪುರಾವೆ ಸಾಗರ ಪೇಟೆಗೆ ಅಂಟಿಕೊಂಡಂತಿರುವ ಇಕ್ಕೇರಿಯಲ್ಲೇ ಸಿಗುತ್ತದೆ. ಅಘೋರೇಶ್ವರ ದೇವಸ್ಥಾನದಲ್ಲಿ ದೇವರ ಎದುರಿನ ನೆಲಹಾಸಿನ ಮೇಲೆ ಕೆಳದಿ ಮನೆತನದ ಮೂವರು ಅಡ್ಡಬಿದ್ದ ಭಂಗಿಯಲ್ಲಿದ್ದಾರೆ. ಮೂವರಿಗೂ ಹೆಸರು ಕೆತ್ತಿದೆ. ಒಬ್ಬನ ಕೈಕಾಲಿಗೆ ಬೇಡಿಯೂ ಇದೆ. ಅರಸರು ಹೆಸರು ಬರೆಸಿಕೊಂಡರು, ಆಳುಗಳು ಬರೆಸಿಕೊಳ್ಳಲಿಲ್ಲ, ಇಷ್ಟೇ ವ್ಯತ್ಯಾಸ, ಜಾಗದ ಮಹಿಮೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ಆದರೆ ಈ ಅರಸರು ಹೆಸರನ್ನು ಎಲ್ಲಿ ಬರೆಸಿಕೊಂಡರು ಎಂಬುದನ್ನೂ ನೋಡಬೇಕು. ಗೋಡೆಯ ಮೇಲಲ್ಲ, ಭಕ್ತರ ಪಾದ ಬೀಳುವಲ್ಲಿ, ಗರ್ಭಗುಡಿಯ ನೇರಕ್ಕೆ. ಆ ಚಪ್ಪಡಿಯನ್ನು ಎಬ್ಬಿಸಿ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದರೆ ಹೆಸರು ಉಳಿಯುತ್ತದೆ, ಸಾಷ್ಟಾಂಗ ಉಳಿಯುವುದಿಲ್ಲ. ಮಲಗಿದ ಮನುಷ್ಯ ಎದ್ದು ನಿಂತುಬಿಡುತ್ತಾನೆ! ಹೆಸರಿದ್ದವರಿಗೂ ಜಾಗ ಇಷ್ಟು ಮುಖ್ಯವಾಗಿದ್ದರೆ, ಹೆಸರಿಲ್ಲದವರಿಗೆ ಅದು ಎಷ್ಟು ಮುಖ್ಯವಾಗಿರಬೇಡ?

ಆನಂದಪುರದ ಬಳಿಯ ಹೊಸಗುಂದ ಸಾಂತರ ಅರಸುಮನೆತನದ ಒಂದು ಕವಲು ಆಳಿದ ಊರು. ಕಾಡು ನುಂಗಿದ್ದ ಅಲ್ಲಿನ ಉಮಾಮಹೇಶ್ವರ ದೇವಸ್ಥಾನ ಈಚೆಗೆ ಜೀರ್ಣೋದ್ಧಾರಗೊಂಡು ನಿಂತಿದೆ. ಇಂಥ ಊರುಗಳ ಸುತ್ತ ವೀರಗಲ್ಲುಗಳು ಏಕೆ ದಟ್ಟವಾಗಿವೆ ಎಂಬುದಕ್ಕೆ ಉತ್ತರ ಅಕ್ಷರವಿರುವ ಕಲ್ಲುಗಳಲ್ಲೇ ಸಿಗುತ್ತದೆ. ಕನ್ನಡದ ವೀರಶಾಸನಗಳು ಹೇಳುವ ಸಾವುಗಳು ನಾಲ್ಕಾರು ಬಗೆಯವು: ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋದವರನ್ನು ಅಟ್ಟಿಸಿಕೊಂಡು ಹೋಗಿ ಸತ್ತದ್ದು, ಊರಳಿವು, ಊರಿಗೆ ಮುತ್ತಿಗೆ ಬಿದ್ದಾಗ ಕಾದು ಸತ್ತದ್ದು, ಪೆಣ್ಬುಯ್ಯಲ್, ಹೆಂಗಸರ ಮೊರೆ ಕೇಳಿ ನುಗ್ಗಿ ಸತ್ತದ್ದು, ಜತೆಗೆ ಹುಲಿ, ಹಂದಿಗಳ ಕೈಯಲ್ಲಿ ಆದ ಸಾವು. ದೊಡ್ಡ ಸಾಮ್ರಾಜ್ಯಗಳ ಯುದ್ಧಕ್ಕಿಂತ ಪಕ್ಕದೂರಿನವರ ಜತೆಗಿನ ಜಟಾಪಟಿಯೇ ಇದರಲ್ಲಿ ಹೆಚ್ಚು. ಸತ್ತವನ ಮನೆಗೆ ಊರು ಅಥವಾ ಒಡೆಯ ಗದ್ದೆ ಬಿಟ್ಟುಕೊಡುತ್ತಿದ್ದ. ಅದನ್ನು ನೆತ್ತರುಕೊಡಗಿ, ಬಾಳ್ಗಳ್ಚು, ಕಲ್ನಾಟು ಎಂದೆಲ್ಲ ಕರೆದಿದ್ದಾರೆ. ಕ್ರಿ.ಶ. 450ರ ಸುಮಾರಿನದೆಂದು ಬಹುಕಾಲ ಎಣಿಸಿಕೊಂಡು ಬಂದ ಹಲ್ಮಿಡಿ ಶಾಸನವೂ ಮೂಲತಃ ಕಾದಾಡಿದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿಗಳನ್ನು ಬಾಳ್ಗಳ್ಚಾಗಿ ಕೊಟ್ಟ ಪತ್ರ. ಹೀಗಾಗಿ ವೀರಗಲ್ಲು ಕಣ್ಣೀರಿನ ಕಲ್ಲಷ್ಟೇ ಅಲ್ಲ. ಊರು ಬರೆದುಕೊಟ್ಟ ಸಾಲಪತ್ರವೂ ಹೌದು. ಈಜಿಪ್ಟಿನ ಫಲಕ ದಾರಿಹೋಕನನ್ನು ಬೇಡಿಕೊಳ್ಳುತ್ತದೆ. ನಮ್ಮ ದಾನಶಾಸನದ ಕೊನೆ ಬೆದರಿಸುತ್ತದೆ: ಈ ಭೂಮಿಗೆ ಕೈಹಾಕಿದವನಿಗೆ ವಾರಾಣಸಿಯಲ್ಲಿ ಕವಿಲೆ ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಿನ ಜನ್ಮ. ಬೇಡಿಕೆ ಸತ್ತವನ ಹೊಟ್ಟೆಗಾಗಿ, ಬೆದರಿಕೆ ಬದುಕಿರುವವರ ಗದ್ದೆಗಾಗಿ. ಗದ್ದೆ ಎಲ್ಲಿದೆಯೋ ಅಲ್ಲಿಯೇ ಬೆದರಿಕೆಗೆ ಬೆಲೆ. ಅಕ್ಷರ ಬರೆಸುವ ಅನುಕೂಲವಿಲ್ಲದ ಸಣ್ಣ ಊರು ಬರೀ ಕಲ್ಲು ನೆಟ್ಟು ಅದೇ ಕೆಲಸ ಮಾಡಿಕೊಂಡಿರಬೇಕು ಎನ್ನುವುದು ಊಹೆಯೇ, ಆದರೆ ಆಧಾರವಿಲ್ಲದ ಊಹೆಯಲ್ಲ: ಎಲ್ಲರಿಗೂ ಹೆಸರು ಬಾಯಿಪಾಠವಿದ್ದ ಊರಿನಲ್ಲಿ ಬೇಕಾಗಿದ್ದದ್ದು ಎಲ್ಲಿ ಎಂಬ ಗುರುತು ಮಾತ್ರ.

ರಿಪ್ಪನ್‌ಪೇಟೆ ದಾಟಿ ಹುಂಚಕ್ಕೆ ಬಂದರೆ ವಾದಕ್ಕೆ ದೊಡ್ಡ ತೊಡಕು ಎದುರಾಗುತ್ತದೆ. ಹೊಂಬುಜವೆಂದೂ ಕರೆಯುವ ಈ ಊರು ಸಾಂತರರ ರಾಜಧಾನಿ, ಜೈನರ ಪದ್ಮಾವತಿಯ ಕ್ಷೇತ್ರ. ಇಲ್ಲಿಯ ಕಲ್ಲುಗಳು ಮಾತಾಡುತ್ತವೆ, ಅದೂ ಸಾಕುಬೇಕಾಗುವಷ್ಟು. ಸಲ್ಲೇಖನದಿಂದ ದೇಹಬಿಟ್ಟ ಮುನಿಗಳು, ಗೃಹಸ್ಥರು, ಹೆಂಗಸರ ನಿಷಿಧಿ ಕಲ್ಲುಗಳಲ್ಲಿ ಕೆಳಗೆ ಗುರುವೂ ಶಿಷ್ಯರೂ ಎದುರುಬದುರು ಕೂತಿರುತ್ತಾರೆ, ನಡುವೆ ಪುಸ್ತಕವಿಡುವ ಠವಣೆಕೋಲು. ಮೇಲೆ ಮುಕ್ಕೊಡೆಯ ಕೆಳಗೆ ಜಿನ, ಇಬ್ಬದಿಗೆ ಚಾಮರದವರು. ಬರಹದಲ್ಲಿ ಶಕವರ್ಷ, ತಿಥಿ, ವಾರ, ಗುರುವಿನ ಗುರು, ಗಣ, ಗಚ್ಛ, ಯಾವುದೂ ಬಿಟ್ಟುಹೋಗಿಲ್ಲ. 1077ರಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿಯೂ ಅಗಲಿದ ಬಂಧುಗಳಿಗೆ ಸಲ್ಲಿಸಿದ ಪರೋಕ್ಷವಿನಯವೇ. ಒಂದು ಕಲ್ಲು ಸಾಲದೆ ಐದು ಗರ್ಭಗುಡಿಗಳ ಬಸದಿಯನ್ನೇ ಎತ್ತಿದಳು. ಹಾಗಿದ್ದ ಮೇಲೆ ಕನ್ನಡನಾಡಿಗೂ ಹೆಸರಿನ ಹಂಬಲ ಈಜಿಪ್ಟಿನಷ್ಟೇ ಇತ್ತಲ್ಲ? ಇತ್ತು, ಹುಂಚದಲ್ಲಿ ಇತ್ತು. ಅದು ಲಿಪಿಕಾರರೂ ಪಂಡಿತರೂ ರೂವಾರಿಗಳೂ ಕೈಗೆಟುಕುವ ರಾಜಧಾನಿ. ಗುರುಪರಂಪರೆಯ ಪಟ್ಟಿ ಇಟ್ಟುಕೊಳ್ಳುವುದೇ ಒಂದು ಧರ್ಮಕಾರ್ಯವಾಗಿದ್ದ ಸಮುದಾಯ. ಆ ಪಟ್ಟಿಯಲ್ಲಿ ಹೆಸರು ಸೇರುವುದೆಂದರೆ ಊರನ್ನು ಮೀರಿದ ಸಂಘಕ್ಕೆ ಸೇರುವುದು. ಶ್ರವಣಬೆಳಗೊಳದಿಂದ ಬಂದ ಯಾತ್ರಿಕನೂ ಓದಿ ಅರ್ಥಮಾಡಿಕೊಳ್ಳಬೇಕು. ತುರುಗೊಳಲ್ಲಿ ಸತ್ತ ಗೌಡನ ಮಗನಿಗೆ ಅಂಥ ದೂರದ ಓದುಗ ಬೇಕಿರಲಿಲ್ಲ. ಅವನ ಕಲ್ಲನ್ನು ನೋಡಬೇಕಾದವರು ದಿನಾ ಅದೇ ಏರಿಯ ಮೇಲೆ ಓಡಾಡುವವರು. ಹುಂಚದ ಕಲ್ಲುಗಳು ನನ್ನ ವಾದವನ್ನು ಕೆಡವುವುದಿಲ್ಲ, ಅದರ ಎಲ್ಲೆಯನ್ನು ಗುರುತಿಸಿಕೊಡುತ್ತವೆ: ಓದುಗರು ದೂರದವರಾದಷ್ಟೂ ಹೆಸರು ಬೇಕು, ಹತ್ತಿರದವರಾದಷ್ಟೂ ಜಾಗ ಸಾಕು.

ಈಜಿಪ್ಟಿನ ಕಡೆಯಿಂದಲೂ ಒಂದು ಆಕ್ಷೇಪಣೆ ಬರುತ್ತದೆ, ಅದು ಇದಕ್ಕಿಂತ ಚುರುಕಾದದ್ದು. ಅವರಿಗೂ ಜಾಗ ಮುಖ್ಯವೇ ಆಗಿತ್ತು. ಕ್ರಿ.ಪೂ. 2000ರ ಆಸುಪಾಸಿನಿಂದ ನೂರಾರು ಕುಟುಂಬಗಳು, ತಮ್ಮ ಗೋರಿ ಎಲ್ಲೇ ಇದ್ದರೂ, ಒಸಿರಿಸನ ಕ್ಷೇತ್ರವಾದ ಅಬಿಡೋಸಿನಲ್ಲಿ ಒಂದು ಪುಟ್ಟ ಗುಡಿ ಕಟ್ಟಿ ಫಲಕ ನಿಲ್ಲಿಸುತ್ತಿದ್ದವು. ದೇವರ ಮೆರವಣಿಗೆ ಸಾಗುವ ದಾರಿಯ ಬದಿಯಲ್ಲಿ ತಮಗೂ ಒಂದು ಸ್ಥಾನ ಬೇಕೆಂಬ ಆಸೆ. ಇಕ್ಕೇರಿಯ ಅರಸರ ಆಸೆಗೂ ಇದಕ್ಕೂ ಹೆಚ್ಚು ದೂರವಿಲ್ಲ. ಆದರೆ ಮುಂದೇನಾಯಿತು ನೋಡಿ. 19ನೇ ಶತಮಾನದಲ್ಲಿ ಪುರಾತನ ವಸ್ತುಗಳ ವ್ಯಾಪಾರಿಗಳೂ, ಆಮೇಲೆ ಮಾರಿಯೆಟ್ ಎಂಬ ಫ್ರೆಂಚ್ ಪುರಾತತ್ವಜ್ಞನ ಕೆಲಸಗಾರರೂ ಅಬಿಡೋಸನ್ನು ಅಗೆದು ಫಲಕಗಳನ್ನು ಹೊರತೆಗೆದರು. ಯಾವುದು ಯಾವ ಗುಡಿಯದೆಂಬ ಲೆಕ್ಕ ಸರಿಯಾಗಿ ಉಳಿಯಲಿಲ್ಲ. ಒಂದೇ ಮನೆಯ ಫಲಕಗಳು ಮೂರು ದೇಶಗಳ ಪಾಲಾದವು. 1974ರಲ್ಲಿ ವಿಲಿಯಂ ಕೆಲ್ಲಿ ಸಿಂಪ್ಸನ್ ಎಂಬ ಅಮೆರಿಕದ ವಿದ್ವಾಂಸ ಒಂದು ಪುಸ್ತಕದಲ್ಲಿ ಈ ಚದುರಿದ ಮನೆಗಳನ್ನು ಮತ್ತೆ ಕೂಡಿಸಿದ. ಕೈರೊದ ಫಲಕದಲ್ಲಿರುವ ತಾಯಿಯೇ ಲೈಡನ್ನಿನ ಫಲಕದಲ್ಲೂ ಇದ್ದಾಳೆ, ಲಂಡನ್ನಿನಲ್ಲಿರುವವನು ಅವಳ ಇನ್ನೊಬ್ಬ ಮಗ ಎಂದು ಹೊಂದಿಸುತ್ತ ಹೋದ. ಇದು ಸಾಧ್ಯವಾದದ್ದು ಹೆಸರುಗಳಿಂದ. ಜಾಗ ಕಳೆದರೂ ಹೆಸರು ಹಿಡಿದು ಮನೆಗೆ ಮರಳುವ ದಾರಿ ಅಲ್ಲಿತ್ತು. ಬರಹವಿಲ್ಲದ ನಮ್ಮ ವೀರಗಲ್ಲಿಗೆ ಈ ಎರಡನೇ ಅವಕಾಶವಿಲ್ಲ. ಊರು ತಪ್ಪಿದ ಇಂಥ ನೂರು ಕಲ್ಲುಗಳನ್ನು ಯಾವ ಸಿಂಪ್ಸನ್ನನ ಮುಂದಿಟ್ಟರೂ ಅವನಿಗೆ ಕಾಣುವುದು ನೂರು ಬಿಲ್ಲು, ನೂರು ನಂದಿ, ಇನ್ನೂರು ಅಪ್ಸರೆಯರು.

ಹೊಸನಗರದಿಂದ ನಗರದ ಕಡೆಗೆ ತಿರುಗಿದರೆ ಈ ವಾದಕ್ಕೆ ಅತ್ಯಂತ ಗಟ್ಟಿ ಆಧಾರ ಸಿಗುತ್ತದೆ, ಅದೂ ವೀರಗಲ್ಲುಗಳಿಗಿಂತ ಬಹಳ ಹಿಂದಿನ ಕಾಲದಿಂದ. ನಿಲಸ್ಕಲ್ಲು, ಬೈಸೆ, ಹೆರಗಲ್ಲು ಮುಂತಾದ ಕಡೆ ಕಾಡಿನ ನಡುವಿನ ಬ್ಯಾಣಗಳಲ್ಲಿ ಚಪ್ಪಟೆಯಾದ ಎತ್ತರದ ಕಲ್ಲುಗಳನ್ನು ನೆಟ್ಟಿದ್ದಾರೆ. ಕೆತ್ತನೆ ಇಲ್ಲ, ಅಂಕಣ ಇಲ್ಲ, ಅಕ್ಷರದ ಮಾತಂತೂ ಇಲ್ಲ. ಕೆಲವು ಆಳಿಗಿಂತ ಎತ್ತರ, ಕೆಲವು ವಾಲಿವೆ, ಕೆಲವು ಬಿದ್ದಿವೆ. ಬೃಹತ್ ಶಿಲಾ ಸಂಸ್ಕೃತಿಯ ಕಾಲದವು ಎಂದು ತಿಳಿದವರ ಎಣಿಕೆ. ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮತ್ತು ಜತೆಗಾರರು ಇವುಗಳ ನಡುವಿನ ಗೆರೆಗಳನ್ನು ಅಳೆದು, ಹಲವು ಜೋಡಿ ಕಲ್ಲುಗಳು ಸೂರ್ಯ ಅತಿ ಉತ್ತರಕ್ಕೂ ಅತಿ ದಕ್ಷಿಣಕ್ಕೂ ಸರಿಯುವ ದಿನಗಳ ಹುಟ್ಟು ಮುಳುಗಿನ ನೇರಕ್ಕೆ ನಿಲ್ಲುತ್ತವೆ ಎಂದು ತೋರಿಸಿದ್ದಾರೆ. ಇಷ್ಟೊಂದು ಕಲ್ಲುಗಳಿದ್ದರೆ ಯಾವುದಾದರೂ ಎರಡು ಯಾವುದಾದರೂ ದಿನದ ಸೂರ್ಯನಿಗೆ ಹೊಂದಲೇಬೇಕು, ಇದು ಕಾಕತಾಳೀಯ ಎಂದು ಅನುಮಾನಪಡುವುದು ತಪ್ಪಲ್ಲ. ಆದರೆ ಆ ಅನುಮಾನವನ್ನು ಪರೀಕ್ಷಿಸುವುದಕ್ಕಾದರೂ ಕಲ್ಲು ನೆಟ್ಟಲ್ಲೇ ಇರಬೇಕು. ಒಂದನ್ನು ನಾಲ್ಕಡಿ ಸರಿಸಿದರೆ ಅನುಮಾನವೂ ಹೋಯಿತು, ಉತ್ತರವೂ ಹೋಯಿತು, ಮಿಕ್ಕಿದ್ದು ಪಾಗಾರಕ್ಕೆ ಆಗುವ ಒಂದು ಚಪ್ಪಡಿ. ಮೈಮೇಲೆ ಏನೂ ಇಲ್ಲದ ಕಲ್ಲು ಬರೀ ನಿಂತ ಸ್ಥಾನದಿಂದ ಇಷ್ಟು ಹೇಳಬಲ್ಲದಾದರೆ, ಮೂರು ಅಂಕಣಗಳ ಕಥೆ ಹೊತ್ತ ವೀರಗಲ್ಲು ತನ್ನ ಸ್ಥಾನದಿಂದ ಇನ್ನೆಷ್ಟು ಹೇಳೀತು! ಕೆರೆಯೇರಿಯ ಮೇಲೆ ಮೂರು ವೀರಗಲ್ಲುಗಳಿದ್ದರೆ ನೀರಿಗಾಗಿ ಕಾದಾಟ ನಡೆದಿತ್ತೇ ಎಂದು ಕೇಳಬಹುದು; ಘಟ್ಟ ಇಳಿಯುವ ದಾರಿಯಲ್ಲಿ ಸಾಲಾಗಿದ್ದರೆ ಹೇರೆತ್ತುಗಳ ಕಾಲದ ಸುಲಿಗೆ ನೆನಪಾಗುತ್ತದೆ; ಎರಡು ಊರಿನ ಗಡಿಯಲ್ಲಿದ್ದರೆ ದನಗಳನ್ನು ಎಲ್ಲಿಯವರೆಗೆ ಅಟ್ಟಿಸಿಕೊಂಡು ಬಂದರೆಂಬ ಅಂದಾಜು ಸಿಗುತ್ತದೆ. ಉತ್ತರ ಪ್ರತಿಸಲವೂ ಸರಿಯಿರಬೇಕಿಲ್ಲ. ಪ್ರಶ್ನೆ ಕೇಳುವುದಕ್ಕೆ ಎಡೆಯಂತೂ ಇರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಮ್ಯೂಸಿಯಂ ಪಕ್ಷದವರ ಮಾತಿಗೆ ಕಿವಿಗೊಡಬೇಕು, ಏಕೆಂದರೆ ಅವರದ್ದು ಕೆಲಸ ಮಾಡಿದವರ ಮಾತು. ಈಜಿಪ್ಟಿನ ಒಣ ಮರಳು ಸುಣ್ಣಕಲ್ಲಿನ ಬಣ್ಣವನ್ನೂ ನಾಲ್ಕು ಸಾವಿರ ವರ್ಷ ಕಾದುಕೊಟ್ಟಿತು. ಇಲ್ಲಿ ಹೊಸನಗರ ತಾಲ್ಲೂಕಿನ ಹುಲಿಕಲ್, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಎರಡೂ ನಾಡಿನ ಅತಿ ಹೆಚ್ಚು ಮಳೆಯ ಪಟ್ಟಿಯಲ್ಲಿವೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವುದು ಅಲ್ಲಿ ಅಪರೂಪವಲ್ಲ. ಬಳಪದ ಕಲ್ಲಿನ ಮೇಲೆ ಪಾಚಿ, ಕಲ್ಲುಹೂವು, ಬೇರು ಸೇರಿ ಮೂಗು ಬೆರಳುಗಳನ್ನು ತಿನ್ನುತ್ತವೆ. ನಿಧಿಯಾಸೆಯವರು ಅಮಾವಾಸ್ಯೆಯ ರಾತ್ರಿ ಕಲ್ಲಿನ ಬುಡ ಅಗೆಯುತ್ತಾರೆ. ಗುಡ್ಡ ಸೀಳಿ ತೋಟ ಮಾಡುವ ಜೆಸಿಬಿಗೆ ಕಲ್ಲೆಲ್ಲ ಒಂದೇ. ಹೀಗಿರುವಾಗ ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಸಂಗ್ರಹಾಲಯದ ಅಂಗಳಕ್ಕೋ ಕೆಳದಿಯ ಸಂಗ್ರಹಾಲಯಕ್ಕೋ ಬಂದ ಕಲ್ಲು ಉಳಿಯಿತು, ಬಾರದ ಕಲ್ಲು ಮೋರಿಯ ಸಿಮೆಂಟಿನಡಿ ಸೇರಿತು ಎಂದು ಅವರು ಹೇಳಿದರೆ ಅದರಲ್ಲಿ ಸುಳ್ಳಿಲ್ಲ. ನನ್ನ ತಕರಾರು ಕಲ್ಲನ್ನು ಒಳಗೆ ತಂದದ್ದಕ್ಕಲ್ಲ. ಪಕ್ಕದ ಫಲಕದಲ್ಲಿ ವೀರಗಲ್ಲು ಎಂಬ ಒಂದು ಪದ, ಸುಮಾರು ಇಂಥ ಶತಮಾನ ಎಂಬ ಇನ್ನೊಂದು ಸಾಲು ಬರೆದರೆ ಕೆಲಸ ಮುಗಿಯಿತೆಂದುಕೊಳ್ಳುವುದಕ್ಕೆ. ಹಲ್ಮಿಡಿಯ ಮೂಲ ಕಲ್ಲು ಮೈಸೂರಿಗೆ ಹೋಯಿತು, ಊರಿನಲ್ಲಿ ಪ್ರತಿಕೃತಿ ನಿಂತಿತು, ಹೆಚ್ಚು ನಷ್ಟವಾಗಲಿಲ್ಲ. ಅದರ ಮೈಮೇಲೆಯೇ ಊರಿನ ಹೆಸರು ಬರೆದಿದೆ. ಕಾಳಿ ಎಂಬ ನಾಯಿ ಹಂದಿಯೊಡನೆ ಕಾದು ಸತ್ತದ್ದನ್ನು ಹೇಳುವ ಆತಕೂರಿನ ಕಲ್ಲು ಬೆಂಗಳೂರಿನ ಸಂಗ್ರಹಾಲಯದಲ್ಲಿ ನಿಂತೂ ಆ ಕಥೆ ಹೇಳುತ್ತಲೇ ಇದೆ. ಮಾತು ಬಲ್ಲ ಕಲ್ಲುಗಳಿಗೆ ಹೊಂದಿದ ನಿಯಮವನ್ನು ಮೂಕ ಕಲ್ಲುಗಳಿಗೆ ಹೊಂದಿಸಬಾರದು.

ಈ ತಪ್ಪಿನ ಬೇರು ಸ್ವಲ್ಪ ಆಳದಲ್ಲಿದೆ. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೇ ಸಂಪುಟ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳದು; ಇಂದಿನ ಹೊಸನಗರ ಆಗಿನ ನಗರ ತಾಲ್ಲೂಕು. ಆ ಸಂಪುಟವಿಲ್ಲದೆ ಈ ಸೀಮೆಯ ಇತಿಹಾಸ ಬರೆಯುವಂತಿಲ್ಲ. ಆದರೆ ಅದು ಶಾಸನಗಳ ಪಟ್ಟಿ, ಅಕ್ಷರವಿದ್ದದ್ದಕ್ಕೆ ಮಾತ್ರ ಅಲ್ಲಿ ನಂಬರು. ಚಿದಾನಂದಮೂರ್ತಿಯವರು 1966ರ ತಮ್ಮ ಪ್ರಬಂಧದಲ್ಲಿ ಶಾಸನಗಳಿಂದ ಜನಜೀವನವನ್ನು ತೆಗೆದು ತೋರಿಸಿದರು; 1982ರಲ್ಲಿ ಆರ್. ಶೇಷಶಾಸ್ತ್ರಿಯವರ ಅಧ್ಯಯನ, ಷ. ಶೆಟ್ಟರ್ ಮತ್ತು ಸೊಂಥೈಮರ್ ಸಂಪಾದಿಸಿದ ಸಂಪುಟ ಬಂದ ಮೇಲೆ ಸ್ಮಾರಕಶಿಲೆಗಳಿಗೆ ತಮ್ಮದೇ ಶಾಸ್ತ್ರ ಬಂತು. ಅಷ್ಟಾದರೂ ತಾಲ್ಲೂಕು ಮಟ್ಟದ ಹುಡುಕಾಟದಲ್ಲಿ ಹೊಸ ಕಲ್ಲು ಸಿಕ್ಕಿತೆಂಬ ಸುದ್ದಿಯ ಮೊದಲ ಪ್ರಶ್ನೆ ಇವತ್ತಿಗೂ ಒಂದೇ: ಬರಹ ಇದೆಯೇ? ಇಲ್ಲವೆಂದರೆ ಕ್ಯಾಮೆರಾ ಚೀಲಕ್ಕೆ.

ಜಾಗದ ಪಕ್ಷಕ್ಕೆ ಇನ್ನೊಂದು ಇಕ್ಕಟ್ಟಿದೆ. ಈಗ ಕಾಣುವ ಕಲ್ಲುಗಳು ಮೊದಲು ನೆಟ್ಟಲ್ಲೇ ಇವೆ ಎನ್ನುವುದಕ್ಕೆ ಗ್ಯಾರಂಟಿ ಏನು? ಗದ್ದೆ ಸರಿಮಾಡುವಾಗ ಎತ್ತಿ ದೇವಸ್ಥಾನದ ಬಳಿ ನಿಲ್ಲಿಸಿದವು, ರಸ್ತೆ ಅಗಲಿಸುವಾಗ ಬದಿಗೆ ಉರುಳಿಸಿದವು, ಸಾಲಾಗಿ ಸಿಮೆಂಟಿನಲ್ಲಿ ಕೂರಿಸಿದವು ಎಲ್ಲ ಊರಿನಲ್ಲೂ ಇವೆ. ಪೌಳಿಯ ಹೊರಗೆ ಏಳೆಂಟು ಕಲ್ಲು ಒಟ್ಟಿಗೇ ನಿಂತಿದ್ದರೆ ಅಲ್ಲೇ ಏಳೆಂಟು ಜನ ಸತ್ತರೆಂದು ಹೇಳುವವನು ನಗೆಪಾಟಲಾಗುತ್ತಾನೆ. ಇದನ್ನು ಒಪ್ಪಲೇಬೇಕು. ಆದರೆ ಸರಿಸಿದ ಕಲ್ಲು ಸಾಮಾನ್ಯವಾಗಿ ಊರು ಬಿಟ್ಟು ಹೋಗಿರುವುದಿಲ್ಲ. ಟನ್‌ಗಟ್ಟಲೆ ಭಾರವನ್ನು ಪುಕ್ಕಟೆ ಹೊತ್ತು ದೂರ ಒಯ್ಯುವವರು ಯಾರು? ಆಳವಾಗಿ ಹೂತ ಕಲ್ಲು, ಬುಡದಲ್ಲಿ ಕಟ್ಟೆಯಿರುವ ಕಲ್ಲು, ಜೋಡಿಯಾಗಿ ಒಂದೇ ದಿಕ್ಕಿಗೆ ನೋಡುವ ಕಲ್ಲುಗಳು ಬೇರೆಯವಕ್ಕಿಂತ ನಂಬಿಕೆಗೆ ಅರ್ಹ. ಹಾಳಾದ ಹಸ್ತಪ್ರತಿಯಲ್ಲಿ ಯಾವ ಅಕ್ಷರ ಗಟ್ಟಿ, ಯಾವುದು ಸಂದೇಹ ಎಂದು ಗುರುತಿಸಿಕೊಂಡು ಓದುವುದಿಲ್ಲವೇ, ಹಾಗೆ ಜಾಗವನ್ನೂ ಓದಬೇಕು. ಕೆಲವು ಪುಟ ಹರಿದಿದೆಯೆಂದು ಉಳಿದದ್ದನ್ನು ಒಲೆಗೆ ಹಾಕುವುದು ವಿವೇಕವಲ್ಲ.

ಊರೇ ಇಲ್ಲವಾದರೆ? ಶರಾವತಿಯ ಕಣಿವೆಯ ಪ್ರಶ್ನೆ ಇದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರೈಸಿ ಸಾಗರ, ಹೊಸನಗರ ಸೀಮೆಯ ಎಷ್ಟೋ ಊರುಗಳು ಹಿನ್ನೀರಿನಡಿ ಹೋದವು. ಅದೇ 1964ರಲ್ಲಿ ನೈಲ್ ನದಿಯ ಆಸ್ವಾನ್ ಅಣೆಕಟ್ಟಿನ ನೀರಿನಿಂದ ತಪ್ಪಿಸಲು ಅಬು ಸಿಂಬೆಲ್ ದೇವಾಲಯಗಳನ್ನು ತುಂಡು ತುಂಡಾಗಿ ಕೊಯ್ಯುವ ಕೆಲಸ ಯುನೆಸ್ಕೊ ಮುಂದಾಳತ್ವದಲ್ಲಿ ಶುರುವಾಯಿತು. 1968ರ ಹೊತ್ತಿಗೆ ಅವನ್ನು ಸುಮಾರು 65 ಮೀಟರ್ ಮೇಲಕ್ಕೂ 200 ಮೀಟರ್ ಹಿಂದಕ್ಕೂ ಸರಿಸಿ ನಿಲ್ಲಿಸಿದರು. ಎಂಜಿನಿಯರುಗಳು ದಿಕ್ಕನ್ನು ಬಿಟ್ಟುಕೊಡಲಿಲ್ಲ; ವರ್ಷಕ್ಕೆರಡು ಸಲ ಬಿಸಿಲು ಗರ್ಭಗುಡಿಯ ಮೂರ್ತಿಗಳನ್ನು ಮುಟ್ಟುವಂತೆ ಅದೇ ಮುಖಕ್ಕೆ ಕಟ್ಟಿದರು. ಸರಿಸಲೇಬೇಕಾದಾಗ ಸರಿಸುವ ರೀತಿ ಅದು. ಶರಾವತಿಗೆ ಯುನೆಸ್ಕೊ ಬರಲಿಲ್ಲ, ಬರಬೇಕಾಗಿತ್ತೆಂದು ನಾನು ಹೇಳುತ್ತಲೂ ಇಲ್ಲ. ಮನುಷ್ಯರಿಗೇ ಸರಿಯಾದ ನೆಲೆ ಸಿಗದ ಕಡೆ ಕಲ್ಲಿನ ಮಾತು ಯಾರೂ ಎತ್ತಲಾರರು. ಆದರೂ ನೀರು ಏರುವ ಅರವತ್ತು ವರ್ಷ ಮೊದಲೇ ರೈಸ್ ಸಂಪುಟ ಅಚ್ಚಾಗಿತ್ತಾದ್ದರಿಂದ ಬರಹವಿದ್ದ ಕಲ್ಲಿಗೆ ಕಾಗದದ ಮೇಲಾದರೂ ಉಳಿಯುವ ಅವಕಾಶವಿತ್ತು. ಬರಹವಿಲ್ಲದ್ದು ಮುಳುಗಿದಾಗ ಅದರ ಕಾಲಡಿಯ ವಾಕ್ಯವೂ ಮುಳುಗಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಮಡೆನೂರು ಅಣೆಕಟ್ಟು ಮೈ ತೋರಿಸಿದರೆ ಜನ ಜಾತ್ರೆಯಂತೆ ನೋಡಲು ಹೋಗುತ್ತಾರೆ. ಆ ತಿಂಗಳುಗಳಲ್ಲಿ ಬಯಲಾಗುವ ನೆಲದ ಮೇಲೆ ಯಾವ ಕಲ್ಲು ಎಲ್ಲಿ ನಿಂತಿದೆಯೆಂದು ಗುರುತಿಟ್ಟುಕೊಳ್ಳುವುದಕ್ಕೂ ಅದೇ ಸಮಯ ಸಾಕು.

ಮಾಸ್ತಿಕಲ್ಲುಗಳ ವಿಷಯದಲ್ಲಿ ಆಕ್ಷೇಪಣೆಯ ದನಿಯೇ ಬೇರೆ. ಕಂಬದಿಂದ ಹೊರಟ ಒಂದು ಬಲಗೈ, ಮೊಣಕೈಯಲ್ಲಿ ಮಡಿಸಿ ಮೇಲಕ್ಕೆತ್ತಿದ್ದು, ಮಣಿಕಟ್ಟಿನ ತುಂಬ ಬಳೆ, ಹೆಬ್ಬೆರಳಿನ ಸಂದಿಯಲ್ಲಿ ನಿಂಬೆಹಣ್ಣು. ಗಂಡನ ಚಿತೆಯೇರಿದವಳ ಕಲ್ಲು. ಇದನ್ನು ಇದ್ದಲ್ಲೇ ಇರಗೊಟ್ಟು ಪೂಜೆಗೆ ಬಿಡುವುದು ಆ ಕ್ರೌರ್ಯಕ್ಕೆ ಹೂವೇರಿಸಿದಂತಲ್ಲವೇ? ಸತಿಯ ವೈಭವೀಕರಣವನ್ನು 1987ರ ಕಾಯ್ದೆ ಅಪರಾಧವೆಂದೇ ಹೇಳಿದೆ. ವೈಭವೀಕರಣಕ್ಕೆ ನನ್ನ ಸಮ್ಮತಿಯೂ ಇಲ್ಲ. ಆದರೆ ಕಲ್ಲನ್ನು ಕಿತ್ತು ಒಯ್ದರೆ ಅಡಗುವುದು ಪೂಜೆಯಲ್ಲ, ಸಾಕ್ಷಿ. ಎಷ್ಟೋ ಕಡೆ ಮಾಸ್ತಿಕಲ್ಲು ವೀರಗಲ್ಲಿನ ಪಕ್ಕದಲ್ಲೇ ಇದೆ. ಎರಡನ್ನೂ ಒಟ್ಟಿಗೆ ಓದಿದರೆ ನಾಲ್ಕು ದನಗಳಿಗಾಗಿ ಒಬ್ಬ ಗಂಡಸು ಸತ್ತ, ಅವನಿಗಾಗಿ ಒಬ್ಬ ಹೆಂಗಸನ್ನು ಸುಟ್ಟರು ಎಂಬ ಪೂರ್ತಿ ಲೆಕ್ಕ ಕಣ್ಣಿಗೆ ರಾಚುತ್ತದೆ. ವೀರಗಲ್ಲನ್ನು ಶೌರ್ಯದ ಗ್ಯಾಲರಿಗೂ ಮಾಸ್ತಿಕಲ್ಲನ್ನು ಸ್ತ್ರೀಶಿಲ್ಪದ ಗ್ಯಾಲರಿಗೂ ಹಂಚಿದರೆ ಶೌರ್ಯ ಶೌರ್ಯವಾಗಿಯೇ ಉಳಿಯುತ್ತದೆ, ಅದರ ಬೆಲೆ ತೆತ್ತವಳು ಬಳೆ ತೊಟ್ಟ ಸುಂದರ ಕೈಯಾಗುತ್ತಾಳೆ. ಜಾಗದ ಪರ ವಾದಿಸುವುದೆಂದರೆ ಸಂಪ್ರದಾಯದ ಪರ ವಾದಿಸುವುದೆಂದೇನೂ ಅಲ್ಲ. ಇನ್ನು ಅರಿಸಿನ ಕುಂಕುಮ, ಎಣ್ಣೆ, ಈಗೀಗ ಎನಾಮೆಲ್ ಬಣ್ಣ, ಹಿಂದೆ ಟೈಲ್ಸ್ ಗೋಡೆ ಕಲ್ಲಿಗೆ ಒಳ್ಳೆಯದು ಮಾಡುವುದಿಲ್ಲ, ನಿಜ. ಆದರೂ ಮಲೆನಾಡಿನಲ್ಲಿ ಹೆಸರು ಮರೆತ ಕಲ್ಲು ಮಾಸ್ತಮ್ಮನೋ ಬೀರನೋ ಆಗಿ, ವರ್ಷಕ್ಕೊಂದು ಕಾಯಿ ಕೋಳಿ ಪಡೆಯುತ್ತ ಜೆಸಿಬಿಯವನನ್ನು ಹೆದರಿಸಿ ನಿಲ್ಲಿಸಿದ್ದೂ ಅಷ್ಟೇ ನಿಜ. ಎಣ್ಣೆ ಕೆತ್ತನೆಯನ್ನು ಮಸುಕುಮಾಡುತ್ತದೆ, ಸ್ಥಾನವನ್ನು ಕಾಯುತ್ತದೆ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದ ಕಡೆ, ಬರಹವಿಲ್ಲದ ಕಲ್ಲಿನ ಮಟ್ಟಿಗೆ, ನಾನು ಎಣ್ಣೆಯ ಪಕ್ಷ.

ಕವಲೇದುರ್ಗದ ಕೋಟೆಯನ್ನು ಬದಿಗಿಟ್ಟು ತೀರ್ಥಹಳ್ಳಿಯತ್ತ ಇಳಿದರೆ ಆರಗ. ಈಗ ಬಸ್ಸು ನಿಲ್ಲುವ ಸಣ್ಣ ಊರು. ವಿಜಯನಗರದ ಕಾಲದಲ್ಲಿ ಮಲೆರಾಜ್ಯದ ರಾಜಧಾನಿ. 1363ರಲ್ಲಿ ಇಲ್ಲಿಯ ಚಾವಡಿಗೆ ಒಂದು ವ್ಯಾಜ್ಯ ಬಂತು. ಹೆದ್ದೂರುನಾಡಿನ ತಡತಾಳದ ಪಾರ್ಶ್ವನಾಥ ಬಸದಿಯ ಭೂಮಿಯ ಎಲ್ಲೆ ಎಲ್ಲಿಯವರೆಗೆ ಎಂಬ ತಕರಾರು, ಒಂದು ಕಡೆ ಬಸದಿಯವರು, ಇನ್ನೊಂದು ಕಡೆ ನಾಡಿನವರು. ವಿರೂಪಣ್ಣ ಒಡೆಯರ ಆಡಳಿತದ ಅಧಿಕಾರಿಗಳು ನಾಡಿನ ಹಿರಿಯರನ್ನು ಕರೆಸಿ ವಿಚಾರಿಸಿ ಎಲ್ಲೆ ನಿಗದಿಮಾಡಿದರು, ತೀರ್ಪನ್ನು ಕಲ್ಲಿನಲ್ಲಿ ಬರೆಸಿದರು. ಎಲ್ಲೆಯ ತೀರ್ಪು ಅದು ಹೆಸರಿಸುವ ನೆಲದ ಮೇಲೆ ಮಾತ್ರ ಅರ್ಥಪೂರ್ಣ ಎಂಬ ತಿಳಿವಳಿಕೆ ಆ ಚಾವಡಿಗಿತ್ತು. ಇಂದಿನ ಕಂದಾಯ ಇಲಾಖೆಗೂ ಇದೆ: 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ಬಾಂದು ಕಲ್ಲನ್ನು ಕಿತ್ತರೆ ದಂಡ. ಒಬ್ಬನ ಗದ್ದೆ ಇನ್ನೊಬ್ಬನದಾಗದಂತೆ ಕಾಯುವ ಮೊಳದುದ್ದದ ಕಲ್ಲಿಗೆ ನಕಾಶೆಯಲ್ಲಿ ಗುರುತುಂಟು, ಕಾನೂನಿನ ಬಲವುಂಟು. ಅದೇ ಗದ್ದೆಯ ದರೆಯಲ್ಲಿ ಎಂಟು ನೂರು ವರ್ಷದಿಂದ ನಿಂತ ವೀರಗಲ್ಲಿಗೂ ಅದೇ ನಕಾಶೆಯಲ್ಲಿ ಒಂದು ಚುಕ್ಕಿ ಬೇಕು: ಸರ್ವೆ ನಂಬರು, ಅಕ್ಷಾಂಶ ರೇಖಾಂಶ, ಮುಖದ ದಿಕ್ಕು, ಪಕ್ಕದ ಕಲ್ಲಿನಿಂದ ದೂರ, ಒಂದು ಫೋಟೊ. ಕಲ್ಲು ಮುಂದೆ ಸಂಗ್ರಹಾಲಯಕ್ಕೆ ಹೋದರೂ ಈ ಐದು ಮಾಹಿತಿ ಅದರ ಜತೆಗೆ ಹೋಗುತ್ತದೆ, ಹೋಗದಿದ್ದರೆ ತೋಟದವನಿಗೂ ಜೆಸಿಬಿಯವನಿಗೂ ಒಂದು ಲಗಾಮು ಇರುತ್ತದೆ. ಇದಕ್ಕೆ ಹೊಸ ಇಲಾಖೆ ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ. ಪೋಡಿ ಮಾಡಲು, ಹದ್ದುಬಸ್ತು ಹಾಕಲು ಸರ್ವೆಯವರು ಹೇಗೂ ಆ ಗದ್ದೆಗೆ ಬಂದೇ ಬರುತ್ತಾರೆ.